ಮಳೆಯ ಲೆಕ್ಕವನ್ನು ಎಲ್ಲಿ ಬರೆದಿಡಬೇಕು?

ಪ್ರತಿ ವರ್ಷವೂ ಯೋಜನಾಕಾರ್ಯದ ಕಾಲ ಬಂದೊಡನೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದುಂಟು: "ಸಾರ್, ಪೋಸ್ಟ್‌ಗ್ರೆಸ್ ಒಳ್ಳೆಯದೋ, ಮೈಎಸ್‌ಕ್ಯುಎಲ್ ಒಳ್ಳೆಯದೋ?" ಇನ್ನು ಕೆಲವರು ಮರಿಯಾಡಿಬಿ ಎಂದೋ ಎಸ್‌ಕ್ಯುಲೈಟ್ ಎಂದೋ ಮೊದಲೇ ನಿಶ್ಚಯಿಸಿಕೊಂಡು ಬಂದು, ನಮ್ಮ ಒಪ್ಪಿಗೆಯನ್ನಷ್ಟೇ ಬೇಡುತ್ತಾರೆ. ಏಕೆ ಅದನ್ನು ಆರಿಸಿದಿರಿ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: "ಅದು ಬಹಳ ವೇಗ." ವರ್ನಿಯರ್ ಕ್ಯಾಲಿಪರ್ ಒಳ್ಳೆಯದೋ ಮೀಟರುಕೋಲು ಒಳ್ಳೆಯದೋ ಎಂದು ಪ್ರಯೋಗಶಾಲೆಯಲ್ಲಿ ಯಾರೂ ಕೇಳುವುದಿಲ್ಲ. ಅಳೆಯಬೇಕಾದುದು ತಂತಿಯ ವ್ಯಾಸವೋ ಕೊಠಡಿಯ ಉದ್ದವೋ ಎಂಬುದನ್ನು ಮೊದಲು ವಿಚಾರಿಸುತ್ತಾರೆ. ಡೇಟಾಬೇಸಿನ ವಿಷಯದಲ್ಲಿ ಮಾತ್ರ ಈ ವಿವೇಕ ನಮ್ಮನ್ನು ಬಿಟ್ಟುಹೋಗುವುದೇಕೆ?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಡೇಟಾಬೇಸನ್ನು ಆರಿಸುವಾಗ ಕೇಳತಕ್ಕ ಮೊದಲ ಪ್ರಶ್ನೆ ಅದು ಎಷ್ಟು ಬೇಗ "ಹೂಂ" ಎನ್ನುತ್ತದೆ ಎಂಬುದಲ್ಲ. ತಪ್ಪು ಅಂಶವನ್ನು ಕೊಟ್ಟಾಗ ಅದು "ಊಹೂಂ" ಎನ್ನಬಲ್ಲುದೇ ಎಂಬುದು. ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ, ಮಳೆಯಿಂದ.

ಯಲಹಂಕದ ಕಡೆಯವರಿಗೆ ಮಳೆಯ ಲೆಕ್ಕವೆಂದರೆ ಕೇವಲ ಪಾಠದ ಮಾತಲ್ಲ. 2021ರ ನವೆಂಬರಿನಲ್ಲಿ ಯಲಹಂಕ ಕೆರೆ ತುಂಬಿ ಹರಿದು, ಕೇಂದ್ರೀಯ ವಿಹಾರ್ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಹೊರತರಬೇಕಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಸ್ಥಳದಲ್ಲಿ ಅದೇ ದೃಶ್ಯ ಮರುಕಳಿಸಿತು. ಎಷ್ಟು ಹೊತ್ತಿನಲ್ಲಿ ಎಷ್ಟು ಮಳೆ ಬಿದ್ದರೆ ಯಾವ ರಾಜಕಾಲುವೆ ಉಕ್ಕುತ್ತದೆ ಎಂಬುದನ್ನು ತಿಳಿಯಬೇಕಾದರೆ, ಇಡೀ ದಿನದ ಮೊತ್ತ ಸಾಲದು. ಕಾಲುಗಂಟೆಗೊಂದು ಅಳತೆ ಬೇಕು. ಈ ಕೆಲಸವನ್ನು ರಾಜ್ಯದಾದ್ಯಂತ ನಡೆಸುತ್ತಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇರುವುದು ನಮ್ಮ ಯಲಹಂಕದಲ್ಲಿಯೇ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡುವುದಕ್ಕಾಗಿ ಹುಟ್ಟಿದ ಸಂಸ್ಥೆ ಇದು. ಗ್ರಾಮ ಪಂಚಾಯಿತಿಗಳಲ್ಲಿ ಸ್ಥಾಪಿಸಿರುವ ಇದರ ಸ್ವಯಂಚಾಲಿತ ಮಳೆಮಾಪಕಗಳು 6,000ಕ್ಕೂ ಹೆಚ್ಚು. ಪ್ರತಿಯೊಂದೂ 15 ನಿಮಿಷಗಳಿಗೊಮ್ಮೆ ತನ್ನ ಅಳತೆಯನ್ನು ಕಳುಹಿಸುತ್ತದೆ. ವಾಚಕರು ಒಂದು ಕ್ಷಣ ಲೆಕ್ಕ ಹಾಕಿ ನೋಡಲಿ. ಮಾಪಕಗಳು ಆರು ಸಾವಿರವೆಂದೇ ಇಟ್ಟುಕೊಂಡರೂ ದಿನಕ್ಕೆ 96ರಂತೆ 5,76,000 ಅಳತೆಗಳಾದುವು; ವರ್ಷಕ್ಕೆ 21 ಕೋಟಿ! ಸೆಕೆಂಡಿಗೆ ಸರಾಸರಿ ಏಳಕ್ಕೂ ಕಡಮೆ ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಕಾಲುಗಂಟೆ ಹೊಡೆದಾಗ ಎಲ್ಲ ಮಾಪಕಗಳೂ ಒಮ್ಮೆಗೇ ಬಾಯಿಬಿಡುತ್ತವೆ ಎಂಬುದನ್ನು ಮರೆಯಬಾರದು.

ನಮ್ಮ ವಿದ್ಯಾರ್ಥಿಗಳ ಕೆಲಸ ಇದರ ಮುಂದೆ ಅಣುಮಾತ್ರ. ಕಾಲೇಜಿನ ತಾರಸಿಯ ಮೇಲೆ ಒಂದೇ ಒಂದು ಮಾಪಕ. ಅದರೊಳಗೆ ಏತದಂತೆ ಅತ್ತಿತ್ತ ವಾಲುವ ಪುಟ್ಟ ಬೋಗುಣಿಯೊಂದಿದೆ, 0.2 ಮಿಲಿಮೀಟರ್ ಮಳೆಯ ನೀರು ತುಂಬಿದೊಡನೆ ಅದು ಮಗುಚಿ ಬೀಳುತ್ತದೆ. ಮಗುಚಿದುದನ್ನು ಎಣಿಸಿದರೆ ಮಳೆಯನ್ನು ಎಣಿಸಿದಂತೆ. ವರ್ಷಕ್ಕೆ 35,040 ಅಳತೆಗಳು. ಇಷ್ಟು ಚಿಕ್ಕ ಲೆಕ್ಕದಲ್ಲಿಯೂ ನಾವು ಎಡವಿದೆವು.

ಎಡವಿದ ಬಗೆಯನ್ನು ಹೇಳುವುದಕ್ಕೆ ಮೊದಲು ಒಂದೆರಡು ಮಾತು. ಅಂಶಗಳನ್ನು ಸಾಲು-ಕಂಬಗಳ ಕೋಷ್ಟಕಗಳಲ್ಲಿ ಇಟ್ಟು, ಒಂದು ಕೋಷ್ಟಕಕ್ಕೂ ಮತ್ತೊಂದಕ್ಕೂ ಸಮಾನವಾದ ಗುರುತಿನ ಮೂಲಕ ನಂಟು ಕಲ್ಪಿಸುವ ಪದ್ಧತಿಯನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞ ಪ್ರತಿಪಾದಿಸಿದ. ಇದೇ ಸಂಬಂಧಾತ್ಮಕ ಡೇಟಾಬೇಸ್. ಮಾಪಕಗಳದೊಂದು ಕೋಷ್ಟಕ, ಅಳತೆಗಳದೊಂದು ಕೋಷ್ಟಕ. ಅಳತೆಯ ಪ್ರತಿಯೊಂದು ಸಾಲಿನಲ್ಲೂ ಅದು ಯಾವ ಮಾಪಕದ್ದೆಂಬ ಸಂಖ್ಯೆ. ಇಷ್ಟೇ. ಮೇಲೆ ಹೆಸರಿಸಿದ ನಾಲ್ಕೂ ಈ ಪದ್ಧತಿಯವೇ. ನಾಲ್ಕನ್ನೂ ಹಣಕೊಡದೆ ಪಡೆದು, ಒಳಗಿನ ಮೂಲ ಬರೆಹವನ್ನು ಓದಿ, ತಿದ್ದಿ ಬಳಸಬಹುದು.

ಮೊದಲ ವರ್ಷದ ಮುಂಗಾರು ಮುಗಿದಾಗ ನಮ್ಮ ಕೋಷ್ಟಕದ ಮೊತ್ತ ಸಂಶಯ ಹುಟ್ಟಿಸುವಷ್ಟು ಕಡಮೆಯಾಗಿತ್ತು. ಪ್ರಯೋಗಶಾಲೆಯ ಹಿರಿಯ ಸಹಾಯಕರೊಬ್ಬರು ಹಳೆಯ ಅಭ್ಯಾಸವನ್ನು ಬಿಡದೆ, ಪ್ರತಿ ಬೆಳಗ್ಗೆ ಎಂಟೂವರೆಗೆ ಗಾಜಿನ ಅಳತೆಪಾತ್ರೆಯಿಂದ ಮಳೆಯನ್ನು ಅಳೆದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. (ಭಾರತದಲ್ಲಿ ಮಳೆಯ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ, ಬೆಳಗ್ಗೆ ಎಂಟೂವರೆಗೆ ಮುಗಿಯುತ್ತದೆ. ಇದನ್ನು ತಿಳಿಯದೆ ದಿನವಹಿ ಮೊತ್ತ ಹಾಕಿದವರ ಲೆಕ್ಕ ಪತ್ರಿಕೆಗಳಲ್ಲಿ ಬರುವ ಲೆಕ್ಕಕ್ಕೆ ಎಂದೂ ಹೊಂದಲಾರದು.) ಅವರ ಪುಸ್ತಕದೊಂದಿಗೆ ಹೋಲಿಸಿದಾಗ ಗುಟ್ಟು ರಟ್ಟಾಯಿತು. ಮಾಪಕದ ಆಲಿಕೆಯಲ್ಲಿ ಎಲೆ ಸಿಕ್ಕಿಕೊಂಡಾಗ, ತಂತಿ ಸಡಿಲವಾದಾಗ, ಅಳತೆ ಬರುತ್ತಲೇ ಇರಲಿಲ್ಲ. "ಏನೂ ಬಾರದಿದ್ದರೆ ಸೊನ್ನೆ ಎಂದು ತಿಳಿ" ಎಂದು ಕೋಷ್ಟಕವನ್ನು ರಚಿಸುವಾಗ ನಾವೇ ಬರೆದಿದ್ದೆವು! ಮಳೆ ಬರಲಿಲ್ಲ ಎಂಬುದೂ ಮಳೆಯನ್ನು ಅಳೆಯಲಿಲ್ಲ ಎಂಬುದೂ ನಮ್ಮ ಕೋಷ್ಟಕದಲ್ಲಿ ಒಂದೇ ಆಗಿಹೋಗಿದ್ದುವು. ಭೌತಶಾಸ್ತ್ರವನ್ನು ಬೋಧಿಸುವವನಿಗೆ ಇದಕ್ಕಿಂತ ನಾಚಿಕೆಗೇಡು ಬೇರೊಂದಿಲ್ಲ. ಸೊನ್ನೆ ಒಂದು ಅಳತೆ. ಖಾಲಿ ಸ್ಥಳ ಅಳತೆಯಲ್ಲ. ಡೇಟಾಬೇಸುಗಳಲ್ಲಿ ಈ ಖಾಲಿಗೆ 'ನಲ್' ಎಂಬ ಪ್ರತ್ಯೇಕ ಗುರುತೇ ಇದೆ. ಅದನ್ನು ನಾವು ಸೋಮಾರಿತನದಿಂದ ಕೈಬಿಟ್ಟಿದ್ದೆವು. ಆ ಮುಂಗಾರಿನ ಯಾವ ಸೊನ್ನೆ ನಿಜ, ಯಾವುದು ಸುಳ್ಳು ಎಂಬುದನ್ನು ಇನ್ನು ಯಾರೂ ಹೇಳುವಂತಿಲ್ಲ.

ಈ ಪೆಟ್ಟಿನ ಬಳಿಕ, ವೇಗದ ಮಾತನ್ನು ಬದಿಗಿಟ್ಟು, ನಾಲ್ಕು ವ್ಯವಸ್ಥೆಗಳಿಗೂ ಒಂದು ಪರೀಕ್ಷೆಯನ್ನು ಒಡ್ಡಿದೆವು. ಬೇಕೆಂದೇ ಮೂರು ತಪ್ಪು ಸಾಲುಗಳನ್ನು ಬರೆದೆವು. ಮೊದಲನೆಯದರಲ್ಲಿ ಅಂಕಿ ಇರಬೇಕಾದಲ್ಲಿ "ಮಳೆ ಇಲ್ಲ" ಎಂಬ ಮಾತು. ಎರಡನೆಯದರಲ್ಲಿ ಋಣ 5 ಮಿಲಿಮೀಟರ್ ಮಳೆ. ಮೂರನೆಯದರಲ್ಲಿ ಇಲ್ಲವೇ ಇಲ್ಲದ 99ನೆಯ ಮಾಪಕದಿಂದ ಬಂದ ಅಳತೆ. ಮಳೆಯ ಪ್ರಮಾಣ ಸೊನ್ನೆಗಿಂತ ಕಡಮೆ ಇರಕೂಡದು, ಮಾಪಕ ನಮ್ಮ ಪಟ್ಟಿಯಲ್ಲಿರಲೇಬೇಕು ಎಂಬ ನಿಯಮಗಳನ್ನು ಕೋಷ್ಟಕದಲ್ಲಿ ಮೊದಲೇ ನಮೂದಿಸಿದ್ದೆವು.

ಪೋಸ್ಟ್‌ಗ್ರೆಸ್ ಮೂರನ್ನೂ ಮುಖಕ್ಕೆ ಹೊಡೆದಂತೆ ತಿರಸ್ಕರಿಸಿತು. ಮೈಎಸ್‌ಕ್ಯುಎಲ್, ಮರಿಯಾಡಿಬಿಗಳ ಇಂದಿನ ಆವೃತ್ತಿಗಳೂ ತಿರಸ್ಕರಿಸಿದುವು. ಆದರೆ 'ಇಂದಿನ' ಎಂಬ ಮಾತನ್ನು ಗಮನಿಸಬೇಕು. 2015ರಲ್ಲಿ ಬಂದ 5.7ನೆಯ ಆವೃತ್ತಿಗೆ ಮೊದಲು ಮೈಎಸ್‌ಕ್ಯುಎಲ್ ತನ್ನ ಸಹಜ ಸ್ಥಿತಿಯಲ್ಲಿ, ಅಂಕಿಯ ಜಾಗದಲ್ಲಿ ಅಕ್ಷರ ಬಂದರೆ ಅದನ್ನು ಸೊನ್ನೆಯೆಂದು ಬರೆದುಕೊಂಡು, ಎಚ್ಚರಿಕೆಯ ಪಿಸುಮಾತೊಂದನ್ನು ಆಡಿ ಸುಮ್ಮನಾಗುತ್ತಿತ್ತು. ಋಣ ಮಳೆ ಕೂಡದೆಂಬಂಥ ನಿಯಮಗಳನ್ನು 2019ರ 8.0.16ನೆಯ ಆವೃತ್ತಿಯವರೆಗೂ ಅದು ಓದಿಕೊಳ್ಳುತ್ತಿತ್ತು, ಪಾಲಿಸುತ್ತಿರಲಿಲ್ಲ! ಹಳೆಯ ಗಣಕಗಳಲ್ಲಿ ಹಳೆಯ ಆವೃತ್ತಿಗಳು ಇನ್ನೂ ಉಳಿದಿರುವುದು ಅಪರೂಪವೇನಲ್ಲವಾದ್ದರಿಂದ ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಎಸ್‌ಕ್ಯುಲೈಟಿನ ನಡತೆ ಎಲ್ಲಕ್ಕಿಂತ ವಿಚಿತ್ರ. ಋಣ ಮಳೆಯನ್ನು ಅದು ನಿರಾಕರಿಸಿತು. ಆದರೆ "ಮಳೆ ಇಲ್ಲ" ಎಂಬ ಮಾತನ್ನು ಅಂಕಿಯ ಕಂಬದಲ್ಲಿ ಹಾಗೆಯೇ ಬರೆದಿಟ್ಟುಕೊಂಡಿತು. ಸೊನ್ನೆಗಿಂತ ಕಡಮೆ ಇರಕೂಡದೆಂಬ ನಿಯಮ ಅದನ್ನು ತಡೆಯಲಿಲ್ಲವೇ? ತಡೆಯಲಿಲ್ಲ; ಏಕೆಂದರೆ ಅಕ್ಷರಗಳು ಯಾವ ಅಂಕಿಗಿಂತಲೂ ದೊಡ್ಡವು ಎಂಬುದು ಅದರ ಕಟ್ಟಳೆ. ಈ ಕಟ್ಟಳೆಯಂತೆ "ಮಳೆ ಇಲ್ಲ" ಎಂಬುದು ಆಗುಂಬೆಯ ವರ್ಷದ ಮಳೆಗಿಂತಲೂ ಹೆಚ್ಚು! ತರಗತಿಯಲ್ಲಿ ಅಂದು ಎದ್ದ ನಗೆ ಈಗಲೂ ಕಿವಿಯಲ್ಲಿದೆ. 99ನೆಯ ಮಾಪಕವನ್ನೂ ಅದು ಒಪ್ಪಿಕೊಂಡಿತು. ಕೋಷ್ಟಕಗಳ ನಂಟನ್ನು ಪರೀಕ್ಷಿಸು ಎಂದು ಪ್ರತಿ ಸಲವೂ ಬಾಯಿಬಿಟ್ಟು ಹೇಳಿದ ಹೊರತು ಅದು ಪರೀಕ್ಷಿಸುವುದಿಲ್ಲ. ಆದರೆ ಇದರಿಂದ ಅದನ್ನು ತಳ್ಳಿಹಾಕುವುದು ಅನ್ಯಾಯ. 2021ರ 3.37ನೆಯ ಆವೃತ್ತಿಯಿಂದೀಚೆಗೆ ಕೋಷ್ಟಕವನ್ನು ರಚಿಸುವಾಗ 'ಸ್ಟ್ರಿಕ್ಟ್' ಎಂಬ ಒಂದು ಪದವನ್ನು ಸೇರಿಸಿದರೆ ಅದೂ ಅಂಕಿಯ ಮನೆಗೆ ಅಕ್ಷರವನ್ನು ಬಿಡುವುದಿಲ್ಲ. ಕಟ್ಟುನಿಟ್ಟು ಅದರಲ್ಲಿ ಇಲ್ಲವೆಂದಲ್ಲ. ನಾವಾಗಿ ಕೇಳಿ ಪಡೆಯಬೇಕು, ಅಷ್ಟೆ. ಕೇಳದೆಯೇ ದೊರೆಯುವ ಕಟ್ಟುನಿಟ್ಟು ಮೇಲೆಂಬುದು ನನ್ನ ಪಕ್ಷ. ಕೇಳಬೇಕೆಂಬುದು ಗೊತ್ತಿಲ್ಲದವನೇ ತಾನೆ ಹೊಸಬ?

ಅಳತೆಯನ್ನು ಮಿಲಿಮೀಟರಿನಲ್ಲಿ ಬರೆಯದೆ, ಬೋಗುಣಿ ಎಷ್ಟು ಸಲ ಮಗುಚಿತೆಂಬ ಪೂರ್ಣಸಂಖ್ಯೆಯಲ್ಲಿ ಬರೆಯತೊಡಗಿದುದು ಈ ಪರೀಕ್ಷೆಯಿಂದಾದ ಇನ್ನೊಂದು ಲಾಭ. ಗಣಕದ ದ್ವಿಮಾನ ಪದ್ಧತಿಯಲ್ಲಿ 0.1, 0.2 ಮುಂತಾದ ದಶಮಾಂಶಗಳಿಗೆ ನಿಖರವಾದ ರೂಪವಿಲ್ಲ. ಅವೆರಡನ್ನು ಕೂಡಿದರೆ 0.3ಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಎಣಿಸಿದ್ದನ್ನು ಎಣಿಸಿದಂತೆಯೇ ಇಟ್ಟರೆ ಈ ಕಾಟವಿಲ್ಲ.

ಇನ್ನು ವಿದ್ಯುತ್ತಿನ ಮಾತು. ಅತಿ ಹೆಚ್ಚು ಮಳೆ ಸುರಿಯುವ ರಾತ್ರಿಯೇ ಕರೆಂಟು ಹೋಗುವ ರಾತ್ರಿ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ವರ್ಷದಲ್ಲಿ ಅತ್ಯಮೂಲ್ಯವಾದ ಅಳತೆ ಬರುವ ಗಳಿಗೆಯೇ ಅದನ್ನು ಕಳೆದುಕೊಳ್ಳುವ ಗಳಿಗೆಯೂ ಹೌದು. ಒಂದು ಸಾಲು ಅರ್ಧ ಬರೆದಾಗ ಗಣಕ ನಿಂತುಹೋದರೆ ಏನು ಗತಿ?

ಯಶವಂತಪುರದ ಮಾರುಕಟ್ಟೆಯ ಹಳೆಯ ಮಂಡಿಗಳ ಲೆಕ್ಕದ ಕ್ರಮ ಇಲ್ಲಿ ನೆನಪಾಗುತ್ತದೆ. ಅಂಗಡಿಯಲ್ಲಿ ವ್ಯವಹಾರ ನಡೆದೊಡನೆ ಅದನ್ನು ಮೊದಲು ಕಿರ್ದಿಯಲ್ಲಿ ಬರೆಯುತ್ತಾರೆ. ನಡೆದದ್ದು ನಡೆದ ಕ್ರಮದಲ್ಲಿ, ಒಂದರ ಕೆಳಗೊಂದು. ಬಿಡುವಾದಾಗ ಅದನ್ನು ಆಯಾ ಗಿರಾಕಿಯ ಖಾತೆಗೆ ಎತ್ತಿ ಬರೆಯುತ್ತಾರೆ. ಖಾತೆಗೆ ಬರೆಯುವಾಗ ನಡುವೆ ದೀಪ ಆರಿದರೆ ನಷ್ಟವಿಲ್ಲ. ಮರುದಿನ ಕಿರ್ದಿಯನ್ನು ನೋಡಿ ಉಳಿದದ್ದನ್ನು ತುಂಬಬಹುದು. ಪೋಸ್ಟ್‌ಗ್ರೆಸ್ ಮಾಡುವುದು ಇದನ್ನೇ. ಬದಲಾವಣೆಯನ್ನು ಮೊದಲು ಕಿರ್ದಿಗೆ ಬರೆದು, ಅದು ತಟ್ಟೆಯ ಮೇಲೆ ನಿಜವಾಗಿ ಮೂಡಿತೆಂದು ಖಚಿತವಾದ ಮೇಲೆಯೇ "ಆಯಿತು" ಎನ್ನುತ್ತದೆ. ಕೋಷ್ಟಕವನ್ನು ಆಮೇಲೆ ತಿದ್ದುತ್ತದೆ. ಮೈಎಸ್‌ಕ್ಯುಎಲ್ ಮತ್ತು ಮರಿಯಾಡಿಬಿಗಳಲ್ಲಿ ಇನ್ನೊಡಿಬಿ ಎಂಬ ಒಳಯಂತ್ರ ಇದೇ ಜಾಡಿನದು. 2010ರಲ್ಲಿ ಪೂರ್ಣಗೊಂಡ ಮೈಎಸ್‌ಕ್ಯುಎಲ್ 5.5ಕ್ಕಿಂತ ಮೊದಲು ಸಹಜವಾಗಿ ದೊರೆಯುತ್ತಿದ್ದ ಮೈಐಸಾಮ್ ಎಂಬ ಒಳಯಂತ್ರಕ್ಕೆ ಇಂಥ ಕಿರ್ದಿ ಇರಲಿಲ್ಲ. ಎಸ್‌ಕ್ಯುಲೈಟಿನ ಸಹಜ ಕ್ರಮ ತುಸು ಭಿನ್ನ: ತಿದ್ದುವ ಪುಟದ ಹಳೆಯ ಪ್ರತಿಯನ್ನು ತೆಗೆದಿಟ್ಟುಕೊಂಡು ಆಮೇಲೆ ತಿದ್ದುವುದು. 2010ರಿಂದ ಕಿರ್ದಿಯ ಕ್ರಮವನ್ನೂ ಅದರಲ್ಲಿ ಆರಿಸಿಕೊಳ್ಳಬಹುದು.

ವೇಗದ ಸ್ಪರ್ಧೆಗಳ ಅಂಕಿ-ಅಂಶಗಳನ್ನು ಕಂಡು ಮರುಳಾಗುವವರಿಗೆ ಇಲ್ಲಿಯೇ ಒಂದು ಎಚ್ಚರಿಕೆ ಸಲ್ಲುತ್ತದೆ. ಕಿರ್ದಿಯು ತಟ್ಟೆಗೆ ಮುಟ್ಟುವುದನ್ನು ಕಾಯದೆ "ಆಯಿತು" ಎನ್ನುವಂತೆ ಮಾಡುವ ಕೀಲು ಈ ನಾಲ್ಕರಲ್ಲಿಯೂ ಉಂಟು. ಅದನ್ನು ತಿರುಗಿಸಿದರೆ ಯಾವ ಡೇಟಾಬೇಸಾದರೂ ಕುದುರೆಯಂತೆ ಓಡುತ್ತದೆ. ಎರಡು ಯಂತ್ರಗಳ ವೇಗವನ್ನು ಹೋಲಿಸಿದವನು ಎರಡರಲ್ಲಿಯೂ ಈ ಕೀಲನ್ನು ಒಂದೇ ಸ್ಥಾನದಲ್ಲಿ ಇಟ್ಟಿದ್ದನೇ ಎಂಬುದನ್ನು ತಿಳಿಯದೆ ಆ ಅಂಕಿಗಳನ್ನು ನಂಬುವುದು, ಮಾನಗಳನ್ನು ನೋಡದೆ ಉತ್ತರ ಬರೆದಂತೆ.

ಏಕಕಾಲದಲ್ಲಿ ಬರೆಯುವವರು ಎಷ್ಟು ಮಂದಿ ಎಂಬ ಪ್ರಶ್ನೆಯನ್ನು ಚಿಕ್ಕದರಲ್ಲಿ ಮುಗಿಸಬಹುದು. ಎಸ್‌ಕ್ಯುಲೈಟ್ ಎಂಬುದು ಒಂದೇ ಕಡತ. ಒಮ್ಮೆಗೆ ಒಬ್ಬನೇ ಬರೆಯಬಲ್ಲ, ಮಿಕ್ಕವರು ಕಾಯಬೇಕು. ನಮ್ಮ ತಾರಸಿಯ ಮಾಪಕ ಬರೆಯುವುದು ಕಾಲುಗಂಟೆಗೊಮ್ಮೆ. ಮೂವತ್ತು ವರ್ಷ ಬರೆದರೂ ಹತ್ತೂವರೆ ಲಕ್ಷ ಸಾಲುಗಳು. ಇದಕ್ಕೆ ಎಸ್‌ಕ್ಯುಲೈಟ್ ಧಾರಾಳವಾಗಿ ಸಾಕು. ರಾಜ್ಯದ ಆರು ಸಾವಿರ ಮಾಪಕಗಳಂತೆ ಎಲ್ಲರೂ ಒಮ್ಮೆಗೇ ಬಾಗಿಲು ತಟ್ಟುವುದಾದರೆ ಮಿಕ್ಕ ಮೂರರಲ್ಲೊಂದೇ ಗತಿ.

ಕನ್ನಡದ ವಿಚಾರಕ್ಕೆ ಬರೋಣ. ಮಾಪಕಗಳ ಪಟ್ಟಿಯಲ್ಲಿ ಸ್ಥಳಗಳ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಬೇಕೆಂದು ನಮ್ಮ ವಿದ್ಯಾರ್ಥಿಗಳು ಹಟ ಹಿಡಿದರು; ಹಟ ಸಾಧುವಾದದ್ದೇ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿದಾಗ ಬಳ್ಳಾರಿ ಮೊದಲು ಬಂದು ಬಸವನಗುಡಿ ಆಮೇಲೆ ಬಂದಿತು. ನಿಘಂಟನ್ನು ತೆರೆದು ನೋಡಿದವರಿಗೆ ಗೊತ್ತು, ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರತಕ್ಕದ್ದು. ಆದರೆ ಯೂನಿಕೋಡ್ ಸಂಕೇತಗಳ ಸಾಲಿನಲ್ಲಿ ಅದು ಲಕಾರಕ್ಕೂ ವಕಾರಕ್ಕೂ ನಡುವೆ ಕುಳಿತಿದೆ. ಸಂಕೇತಸಂಖ್ಯೆಯನ್ನೇ ನೋಡಿ ಜೋಡಿಸುವ ಡೇಟಾಬೇಸಿಗೆ ಬೇರೆ ದಾರಿಯಿಲ್ಲ. ಎಸ್‌ಕ್ಯುಲೈಟ್ ತನ್ನಷ್ಟಕ್ಕೆ ಹೀಗೆಯೇ ಜೋಡಿಸುತ್ತದೆ. ಪೋಸ್ಟ್‌ಗ್ರೆಸಿನಲ್ಲಿ 2017ರ 10ನೆಯ ಆವೃತ್ತಿಯಿಂದ ಭಾಷೆಗಳ ವಿಂಗಡಣಾ ನಿಯಮಗಳನ್ನೊಳಗೊಂಡ ಐಸಿಯು ಎಂಬ ಸಂಗ್ರಹವನ್ನು ಬಳಸಬಹುದು. ಕನ್ನಡದ ನಿಯಮವನ್ನು ಸೂಚಿಸಿದರೆ ಳಕಾರ ತನ್ನ ಸ್ಥಾನಕ್ಕೆ ಮರಳುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕೊಂದಿದೆ. ಹೆಬ್ಬಾಳದಾಚೆಯ ಕೊಡಿಗೇಹಳ್ಳಿಯನ್ನು ತೆಗೆದುಕೊಳ್ಳಿ. ಮೊದಲಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ಕೊಂಬಿನ ದೀರ್ಘ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಬೇರೆ ಬೇರೆ ಊರು. ಹೀಗೆ ಇಬ್ಬಗೆಯಾದ ಬರೆಹವನ್ನು ಒಂದೇ ರೂಪಕ್ಕೆ ತರುವ ಸಾಧನ ಪೋಸ್ಟ್‌ಗ್ರೆಸಿನಲ್ಲಿ 2020ರ 13ನೆಯ ಆವೃತ್ತಿಯಿಂದ ಒಳಗೇ ಇದೆ. ಉಳಿದೆಡೆ ಆ ಕೆಲಸವನ್ನು ನಾವು ಬರೆಯುವ ಪ್ರೋಗ್ರಾಮಿನಲ್ಲಿಯೇ ಮಾಡಿಕೊಳ್ಳುವುದು ಕ್ಷೇಮ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ರಚಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರಜಾಲಕ್ಕೆ ಬಂದಾಗ, ಅದರ ತಳಹದಿಯಾಗಿದ್ದುದು ಪೋಸ್ಟ್‌ಗ್ರೆಸ್. ಕಾಗುಣಿತ ತುಸು ತಪ್ಪಿದರೂ ಉಚ್ಚಾರದ ಹೋಲಿಕೆಯಿಂದ ಪದವನ್ನು ಹುಡುಕಿಕೊಡುವ ಕನ್ನಡದ್ದೇ ಆದ ಉಪಾಯವೊಂದನ್ನು ಅದಕ್ಕೆ ಜೋಡಿಸಿದ್ದರು. ಕನ್ನಡದ ಕೆಲಸ ಮಾಡಹೊರಟ ವಿದ್ಯಾರ್ಥಿಗಳು ಅದನ್ನು ಅಭ್ಯಾಸ ಮಾಡಲೇಬೇಕು.

ಒಡೆತನದ ವಿಷಯವನ್ನೂ ಅಲಕ್ಷಿಸುವಂತಿಲ್ಲ. 1995ರಲ್ಲಿ ಹುಟ್ಟಿದ ಮೈಎಸ್‌ಕ್ಯುಎಲ್ಲನ್ನು 2008ರಲ್ಲಿ ಸನ್ ಸಂಸ್ಥೆ ನೂರು ಕೋಟಿ ಡಾಲರಿಗೆ ಕೊಂಡಿತು. 2010ರಲ್ಲಿ ಸನ್ ಸಂಸ್ಥೆಯೇ ಒರಾಕಲ್ಲಿನ ಪಾಲಾಯಿತು. ಇದನ್ನು ಮುಂಗಂಡ ಮೂಲಕರ್ತೃ ಮಾಂಟಿ ವಿಡೇನಿಯಸ್ 2009ರಲ್ಲಿಯೇ ಅದರ ಮೂಲ ಬರೆಹದಿಂದ ಮರಿಯಾಡಿಬಿಯನ್ನು ಕವಲೊಡೆಸಿದ. ಮೊದಲನೆಯದಕ್ಕೆ ಹಿರಿಯ ಮಗಳು ಮೈ ಹೆಸರು, ಎರಡನೆಯದಕ್ಕೆ ಕಿರಿಯ ಮಗಳು ಮರಿಯಾ ಹೆಸರು! 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಪ್ರಾರಂಭಿಸಿದ ಕೆಲಸದಿಂದ ಬೆಳೆದ ಪೋಸ್ಟ್‌ಗ್ರೆಸ್ಸಿಗೆ ಒಬ್ಬ ಒಡೆಯನೆಂಬುದಿಲ್ಲ. ಎಸ್‌ಕ್ಯುಲೈಟನ್ನಂತೂ ರಿಚರ್ಡ್ ಹಿಪ್ ಸಾರ್ವಜನಿಕ ಸ್ವತ್ತಾಗಿಯೇ ಬಿಟ್ಟುಕೊಟ್ಟಿದ್ದಾನೆ. ಹವೆಯ ಸರಾಸರಿಗಳನ್ನು ತೆಗೆಯುವುದು ಮೂವತ್ತು ವರ್ಷಗಳ ಅಳತೆಯಿಂದ. ಅಷ್ಟು ಕಾಲ ಬಾಳಬೇಕಾದ ಲೆಕ್ಕಕ್ಕೆ ಮಾರಾಟವಾಗಲಾರದ ಮನೆ ಮೇಲೆಂದು ನನಗೆ ತೋರುತ್ತದೆ.

"ನಾಳೆ ನೌಕರಿಗೆ ಹೋದಾಗ ಅಲ್ಲಿ ಮೈಎಸ್‌ಕ್ಯುಎಲ್ಲೇ ಇರಬಹುದಲ್ಲ?" ಎಂದು ವಿದ್ಯಾರ್ಥಿಗಳು ಆಕ್ಷೇಪಿಸುತ್ತಾರೆ. ಇರಲಿ. ಒಂದನ್ನು ಸರಿಯಾಗಿ ಕಲಿತವನಿಗೆ ಇನ್ನೊಂದು ಕೆಲವು ವಾರಗಳ ಮಾತು. ಪ್ರಶ್ನೆ ಕೇಳುವ ಭಾಷೆ ನಾಲ್ಕರಲ್ಲಿಯೂ ಬಹುಮಟ್ಟಿಗೆ ಒಂದೇ. ಪೋಸ್ಟ್‌ಗ್ರೆಸ್ಸಿಗೆ ದೋಷಗಳಿಲ್ಲವೆಂದೂ ನಾನು ಹೇಳಲಾರೆ. ಸಾಲನ್ನು ತಿದ್ದಿದಾಗ ಹಳೆಯ ಸಾಲು ಒಳಗೇ ಸತ್ತು ಬಿದ್ದಿರುತ್ತದೆ, ಅದನ್ನು ಗುಡಿಸುತ್ತಿರಬೇಕು. ಸಂಪರ್ಕಿಸಿದ ಪ್ರತಿಯೊಬ್ಬನಿಗೂ ಅದು ಪ್ರತ್ಯೇಕ ಪರಿಚಾರಕನನ್ನು ನೇಮಿಸುವುದರಿಂದ ಜನ ಹೆಚ್ಚಿದಂತೆ ಗಣಕದ ಸ್ಮೃತಿ ಸವೆಯುತ್ತದೆ. ಆವೃತ್ತಿಯಿಂದ ಆವೃತ್ತಿಗೆ ದಾಟುವುದು ಶ್ರಮದ ಕೆಲಸ. ಮಳೆಯ ಲೆಕ್ಕದಲ್ಲಿ ಒಮ್ಮೆ ಬರೆದ ಸಾಲನ್ನು ತಿದ್ದುವ ಪ್ರಮೇಯವೇ ವಿರಳವಾದ್ದರಿಂದ ಮೊದಲನೆಯ ದೋಷ ನಮ್ಮನ್ನು ಕಾಡಲಿಲ್ಲ.

ಕಡೆಗೆ ನಾವು ಮಾಡಿದ್ದಿಷ್ಟು. ತಾರಸಿಯ ಮೇಲಿನ ಪುಟ್ಟ ಗಣಕದಲ್ಲಿ ಕಟ್ಟುನಿಟ್ಟಿನ ಕೋಷ್ಟಕದೊಡನೆ ಎಸ್‌ಕ್ಯುಲೈಟ್; ಕರೆಂಟು ಹೋದರೂ, ಜಾಲ ಕಡಿದರೂ ಅಳತೆ ಅಲ್ಲಿ ಸುರಕ್ಷಿತ. ದಿನಕ್ಕೊಮ್ಮೆ, ಬೆಳಗ್ಗೆ ಎಂಟೂವರೆಯ ನಂತರ, ಅದು ಪ್ರಯೋಗಶಾಲೆಯ ಪೋಸ್ಟ್‌ಗ್ರೆಸ್ಸಿಗೆ ಏರುತ್ತದೆ. ಮುಂದಿನ ಮುಂಗಾರಿಗೆ ಸುತ್ತಲಿನ ಕೆಲವು ಪ್ರೌಢಶಾಲೆಗಳ ಮಾಪಕಗಳೂ ಅದಕ್ಕೆ ಸೇರಬೇಕೆಂಬ ಆಸೆಯಿದೆ. ಮಾಪಕ ಕೆಟ್ಟ ಹೊತ್ತಿನ ಸಾಲುಗಳು ಈಗ ಸೊನ್ನೆಯಾಗದೆ ಖಾಲಿಯಾಗಿಯೇ ನಿಲ್ಲುತ್ತವೆ. ಕಳೆದ ಮುಂಗಾರಿನಲ್ಲಿ ಅವನ್ನು ಎಣಿಸಿದಾಗಲೇ ತಂತಿ ಸಡಿಲವಾಗುತ್ತಿದ್ದುದು ಯಾವ ಜೋಡಣೆಯಲ್ಲಿ ಎಂಬುದು ಪತ್ತೆಯಾಯಿತು. ಸಹಾಯಕರ ನೋಟುಪುಸ್ತಕವನ್ನು ಮಾತ್ರ ನಿಲ್ಲಿಸಿಲ್ಲ. ಪ್ರತಿ ತಿಂಗಳ ಒಂದನೆಯ ತಾರೀಖು ಇಬ್ಬರು ವಿದ್ಯಾರ್ಥಿಗಳು ಅದನ್ನೂ ಕೋಷ್ಟಕವನ್ನೂ ಎದುರುಬದುರು ಇಟ್ಟುಕೊಂಡು ಕುಳಿತು ತಾಳೆ ನೋಡುತ್ತಾರೆ.